ಹಸಿವನ್ನು ಮರೆಯದ ಕಣಿವೆ



ಉತ್ತರ ಜಪಾನಿನ ಒಂದು ಕಣಿವೆಯ ಎರಡು ಮಾತುಗಳನ್ನು ನಿಮಗೆ ಮೊದಲು ಹೇಳಬೇಕು. ಬೆಳಗ್ಗೆ ಎದ್ದು ಹೊಲಕ್ಕೆ ಹೊರಡುವುದನ್ನು ಅಲ್ಲಿಯ ಹಳ್ಳಿಯವರು ‘ಹಕಾದಾಚಿ’ ಎನ್ನುತ್ತಿದ್ದರು. ಸಂಜೆ ಕೆಲಸ ಮುಗಿಸಿ ಮನೆಗೆ ಮರಳುವುದು ‘ಹಕಾಆಗಾರಿ’. ಎಲ್ಲ ರೈತರೂ ದಿನವೂ ಮಾಡುವ ಕೆಲಸವೇ ಇದು. ಆದರೆ ‘ಹಕಾ’ ಎಂದರೆ ಜಪಾನಿ ಭಾಷೆಯಲ್ಲಿ ಸಮಾಧಿ ಎಂಬ ಅರ್ಥವೂ ಇದೆ. ಹೊಲಕ್ಕೆ ಹೋಗಿ ಬರುವ ಮಾತಿನಲ್ಲಿ ಸಮಾಧಿಯ ಸದ್ದು ಏಕೆ ಕೇಳಿಸಬೇಕು?

ಊರವರು ಅದಕ್ಕೊಂದು ಕಾರಣ ಹೇಳುತ್ತಾರೆ. ಊರಾಚೆ ದೆಂದೆರಾನೊ ಎಂಬ ದಿಬ್ಬವಿದೆ. ಹಿಂದಿನ ಕಾಲದಲ್ಲಿ ಅರವತ್ತು ದಾಟಿದ ಮುದುಕ ಮುದುಕಿಯರನ್ನು ಮನೆಯಿಂದ ಆ ದಿಬ್ಬಕ್ಕೆ ಕಳಿಸಿಬಿಡುತ್ತಿದ್ದರಂತೆ. ಮನೆಯಲ್ಲಿದ್ದ ಕಾಳು ಎಲ್ಲರ ಹೊಟ್ಟೆಗೂ ಸಾಲುತ್ತಿರಲಿಲ್ಲ. ಹೋದವರಾದರೂ ಸುಮ್ಮನೆ ಕೂತು ಸಾಯಲಾದೀತೇ? ಹಗಲು ದಿಬ್ಬ ಇಳಿದು ಬಂದು, ಹೊಲದಲ್ಲಿ ದುಡಿದು, ಹೇಗೋ ಹೊಟ್ಟೆ ಹೊರೆದು, ಕತ್ತಲಾಗುವ ಹೊತ್ತಿಗೆ ಮತ್ತೆ ದಿಬ್ಬ ಹತ್ತುತ್ತಿದ್ದರಂತೆ. ಊರವರ ಪ್ರಕಾರ ಆ ಹತ್ತಿ ಇಳಿಯುವಿಕೆಯಿಂದಲೇ ಈ ಎರಡು ಮಾತುಗಳು ಹುಟ್ಟಿದವು.

ಆ ಕಣಿವೆಯ ಹೆಸರು ತೋನೋ. ಇಂದು ನಾನು ನಿಮಗೆ ಹೇಳಹೊರಟಿರುವುದು ಈ ಊರಿನ ಸಂಗತಿಯನ್ನೇ. ತಾನು ಹಸಿದ ದಿನಗಳನ್ನು ಕಥೆಯಾಗಿ, ಮಾತಾಗಿ, ಕಲ್ಲಾಗಿ ಕಾಪಿಟ್ಟುಕೊಂಡ ಊರು ಅದು. ಆ ನೆನಪು ಆ ಊರಿಗೆ ಏನನ್ನು ಕಲಿಸಿತು ಎಂಬುದೇ ನನ್ನ ಇವತ್ತಿನ ಮಾತು.

ಜಪಾನಿನ ಮುಖ್ಯ ದ್ವೀಪ ಹೊನ್ಶುವಿನ ಉತ್ತರ ಭಾಗಕ್ಕೆ ತೋಹೊಕು ಎಂದು ಹೆಸರು. ಅಲ್ಲಿಯ ಇವಾತೆ ಪ್ರಾಂತದಲ್ಲಿ, ಕಿತಾಕಾಮಿ ಬೆಟ್ಟಸೀಮೆಯ ನಡುವೆ, ಬೊಗಸೆಯಂಥ ಒಂದು ತಗ್ಗಿನಲ್ಲಿ ತೋನೋ ಇದೆ. ಲೆಕ್ಕಕ್ಕೆ ಇದೊಂದು ನಗರ. 1954ರಲ್ಲಿ ಒಂದು ಪಟ್ಟಣ ಮತ್ತು ಏಳು ಹಳ್ಳಿಗಳನ್ನು ಕೂಡಿಸಿ ಅದಕ್ಕೆ ನಗರದ ಪಟ್ಟ ಕೊಟ್ಟರು. 2005ರಲ್ಲಿ ನೆರೆಯ ಮಿಯಾಮೋರಿಯೂ ಸೇರಿತು. ವಿಸ್ತೀರ್ಣ ಸುಮಾರು 826 ಚದರ ಕಿಲೋಮೀಟರ್, ಜನ ಇರುವುದು ಸುಮಾರು 25 ಸಾವಿರ. ನೆಲದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ಕಾಡು. ಉಳಿದ ಜಾಗದಲ್ಲಿ ಭತ್ತದ ಗದ್ದೆ, ಹುಲ್ಲುಗಾವಲು, ತರಕಾರಿ ಹೊಲ. ನಡುವೆ ಸರುಗಾಇಶಿ ನದಿ ಹರಿದು ಪಶ್ಚಿಮಕ್ಕೆ ಹೋಗುತ್ತದೆ.

ಸುತ್ತ ಮೂರು ಮುಖ್ಯ ಬೆಟ್ಟಗಳಿವೆ: ಹಯಾಚಿನೆ, ರೊಕ್ಕೋಶಿ, ಇಶಿಗಾಮಿ. ಎಲ್ಲಕ್ಕೂ ಎತ್ತರ ಹಯಾಚಿನೆ, 1917 ಮೀಟರ್. ಈ ಮೂರು ಬೆಟ್ಟಗಳಲ್ಲಿ ಮೂವರು ಅಕ್ಕತಂಗಿಯರು ದೇವಿಯರಾಗಿ ನೆಲೆಸಿದ್ದಾರೆ ಎಂದು ಊರಿನ ನಂಬಿಕೆ. ತಾಯಿದೇವಿ ಒಂದು ರಾತ್ರಿ ಮಕ್ಕಳಿಗೆ ಹೇಳಿದಳಂತೆ, ಇವತ್ತು ಯಾರಿಗೆ ಒಳ್ಳೆಯ ಕನಸು ಬೀಳುವುದೋ ಅವರಿಗೆ ಒಳ್ಳೆಯ ಬೆಟ್ಟ ಎಂದು. ನಡುರಾತ್ರಿ ಆಕಾಶದಿಂದ ಒಂದು ದಿವ್ಯ ಹೂ ಇಳಿದು ಹಿರಿಯಕ್ಕನ ಎದೆಯ ಮೇಲೆ ಕೂತಿತು. ಎಚ್ಚರವಾಗಿದ್ದ ಕಿರಿಯವಳು ಅದನ್ನು ಸದ್ದಿಲ್ಲದೆ ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಹಯಾಚಿನೆ ಅವಳ ಪಾಲಾಯಿತು. ದೇವರಿಗೂ ಒಳ್ಳೆಯ ನೆಲದ ಆಸೆ ಬಿಟ್ಟಿದ್ದಲ್ಲ ಎಂದು ರೈತರು ಕಟ್ಟಿದ ಕಥೆಯಿದು.

ಒಳ್ಳೆಯ ನೆಲಕ್ಕಾಗಿ ಇಷ್ಟು ಹಂಬಲ ಏಕೆ ಎಂದು ತಿಳಿಯಬೇಕಾದರೆ ಅಲ್ಲಿಯ ಬೇಸಿಗೆಯನ್ನು ತಿಳಿಯಬೇಕು. ಭತ್ತ ಮೂಲತಃ ಬೆಚ್ಚಗಿನ ಸೀಮೆಯ ಪೈರು. ತೋಹೊಕು ಪ್ರದೇಶದಲ್ಲಿ ಕೆಲವು ವರ್ಷ ಜೂನ್, ಜುಲೈ ತಿಂಗಳಲ್ಲಿ ಪೆಸಿಫಿಕ್ ಸಾಗರದ ಮೇಲಿಂದ ಈಶಾನ್ಯದ ಕಡೆಯ ಗಾಳಿ ಬೀಸುತ್ತದೆ. ಅದಕ್ಕೆ ‘ಯಮಾಸೆ’ ಎಂದು ಹೆಸರು. ತಣ್ಣನೆಯ, ತೇವದ ಗಾಳಿ ಅದು. ಜೊತೆಗೆ ಮಂಜು, ಮೋಡ. ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಭತ್ತ ಹೊಡೆ ತುಂಬಿಕೊಂಡು ನಿಂತ ಹೊತ್ತಿನಲ್ಲಿ ಈ ಚಳಿ ಹೊಡೆದರೆ ಹೂವಿನ ಪರಾಗ ಕೆಡುತ್ತದೆ. ತೆನೆ ಹೊರಬರುತ್ತದೆ, ನೋಡಲು ಹಸಿರಾಗಿಯೇ ಇರುತ್ತದೆ, ಆದರೆ ಒಳಗೆ ಕಾಳು ಕಟ್ಟುವುದಿಲ್ಲ. ತುಂಬಿದ ತೆನೆ ಭಾರಕ್ಕೆ ಬಾಗಬೇಕು. ಇದು ನೆಟ್ಟಗೆ ನಿಂತೇ ಇರುತ್ತದೆ. ಜೊಳ್ಳು ಹೊತ್ತ ತೆನೆಗೆ ಬಾಗುವ ಭಾರವೆಲ್ಲಿದೆ!

ಇದಕ್ಕೆ ರೈತ ಕಂಡುಕೊಂಡ ಉಪಾಯವೊಂದಿದೆ. ಹೊಡೆ ಕಟ್ಟುವ ದಿನಗಳಲ್ಲಿ ಗದ್ದೆಗೆ ನೀರನ್ನು ಎಂದಿಗಿಂತ ಆಳವಾಗಿ ನಿಲ್ಲಿಸುತ್ತಾನೆ. ಗಾಳಿ ತಣ್ಣಗಿದ್ದರೂ ನಿಂತ ನೀರು ಅಷ್ಟು ಬೇಗ ತಣಿಯುವುದಿಲ್ಲ. ಕಾಂಡದೊಳಗೆ ಬೆಳೆಯುತ್ತಿರುವ ಎಳೆಯ ತೆನೆ ಆ ನೀರಿನ ಮಟ್ಟದಲ್ಲೇ ಇರುತ್ತದೆ. ನೀರೇ ಅದಕ್ಕೆ ಕಂಬಳಿಯಾಗುತ್ತದೆ. ಚಳಿಗೆ ಮಗುವನ್ನು ಹೊದಿಸಿ ಮಲಗಿಸುವಂತೆ ಪೈರನ್ನು ನೀರು ಹೊದಿಸಿ ಕಾಯುವುದು. ಆದರೂ ಎಷ್ಟೋ ವರ್ಷ ಚಳಿಯೇ ಗೆದ್ದಿತು.

18ನೇ ಶತಮಾನದ ನಡುಗಾಲದಲ್ಲೂ, 1780ರ ದಶಕದಲ್ಲೂ, 1830ರ ದಶಕದಲ್ಲೂ ಈ ಸೀಮೆ ಘೋರ ಕ್ಷಾಮಗಳನ್ನು ಕಂಡಿತು. ತೋನೋದ ಒಂದು ಕಾಡಿನ ಇಳಿಜಾರಿನಲ್ಲಿ ಪಾಚಿಗಟ್ಟಿದ ನೂರಾರು ಬಂಡೆಗಳಿವೆ. ಬಗ್ಗಿ ನೋಡಿದರೆ ಒಂದೊಂದರ ಮೇಲೂ ಒಂದು ಮುಖ. ಸುಮ್ಮನೆ ಗೆರೆಯಲ್ಲಿ ಕೊರೆದ ಕಣ್ಣು, ಮೂಗು, ತುಟಿ. ಕೆಲವು ಮುಖಗಳನ್ನು ಪಾಚಿ ಮುಚ್ಚಿದೆ. ಬಂಡೆಗಳ ಅಡಿಯಲ್ಲಿ ನೀರು ಹರಿಯುವ ಸದ್ದು ಕೇಳುತ್ತದೆ. ಸುಮಾರು 1765ರಲ್ಲಿ ಗಿಜಾನ್ ಎಂಬ ಬೌದ್ಧ ಭಿಕ್ಷು ಕ್ಷಾಮದಲ್ಲಿ ಸತ್ತವರಿಗಾಗಿ ಕೊರೆದವು ಇವು. ‘ಐನೂರು ಅರ್ಹಂತರು’ ಎಂದು ಅವುಗಳಿಗೆ ಹೆಸರು. ದೇವಾಲಯದ ಕಂಬದ ಮೇಲಲ್ಲ, ಕಾಡಿನ ಒರಟು ಕಲ್ಲಿನ ಮೇಲೆ ಕೊರೆದ ಮುಖಗಳು ಅವು. ಹಸಿದು ಸತ್ತವನಿಗೂ ಒಂದು ಮುಖ ಇತ್ತು ಎಂದು ಆ ಭಿಕ್ಷು ಕಲ್ಲಿನಲ್ಲಿ ಬರೆದಿಟ್ಟ.

ಕಲ್ಲಿನಲ್ಲಿ ಉಳಿದದ್ದು ಇಷ್ಟಾದರೆ ಬಾಯಲ್ಲಿ ಉಳಿದದ್ದು ಇನ್ನೂ ಹೆಚ್ಚು. ಅದು ನಮ್ಮವರೆಗೂ ಬಂದದ್ದು ಒಂದು ಪುಸ್ತಕದಿಂದ. ಯಾನಗಿತಾ ಕುನಿಯೊ ಎಂಬ ವಿದ್ವಾಂಸ ಜಪಾನಿನ ಕೃಷಿ ಖಾತೆಯಲ್ಲಿ ಅಧಿಕಾರಿಯಾಗಿದ್ದವರು. ತೋನೋದ ತ್ಸುಚಿಬುಚಿ ಹಳ್ಳಿಯ ಸಸಾಕಿ ಕಿಜೆನ್ ಎಂಬ ಯುವಕ ಅವರಿಗೆ ತೋಕಿಯೊದಲ್ಲಿ ಪರಿಚಯವಾದ. ತನ್ನ ಊರಿನಲ್ಲಿ ಕೇಳಿ ಬೆಳೆದ ಸಂಗತಿಗಳನ್ನು ಆತ ರಾತ್ರಿಗಳಲ್ಲಿ ಕೂತು ಹೇಳಿದ. ಯಾನಗಿತಾ ಬರೆದುಕೊಂಡರು. 1909ರ ಬೇಸಿಗೆಯಲ್ಲಿ ತೋನೋಕ್ಕೆ ಹೋಗಿ ಕಣ್ಣಾರೆ ನೋಡಿಯೂ ಬಂದರು. 1910ರಲ್ಲಿ ‘ತೋನೋ ಮೊನೊಗತಾರಿ’, ಅಂದರೆ ತೋನೋದ ಕಥೆಗಳು, ಅಚ್ಚಾಯಿತು. 119 ತುಣುಕುಗಳು, ಮೊದಲ ಮುದ್ರಣ ಬರೀ 350 ಪ್ರತಿ. ಜಪಾನಿನ ಜಾನಪದ ಅಧ್ಯಯನಕ್ಕೆ ಈ ಪುಟ್ಟ ಪುಸ್ತಕವೇ ಅಡಿಗಲ್ಲಾಯಿತು. ಅದರ ಅರ್ಪಣೆ ಯಾರಿಗೆ ಗೊತ್ತೇ? ಹೊರದೇಶಗಳಲ್ಲಿ ಇರುವವರಿಗೆ. ಹಾಗಾದರೆ ಅದರಲ್ಲಿ ನಮಗೂ ಒಂದು ಪಾಲಿದೆ ಎಂದು ನಾನು ಭಾವಿಸುತ್ತೇನೆ.

ಆ ಕಥೆಗಳಲ್ಲಿ ಒಂದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತೋನೋದ ಹಳೆಯ ಮನೆಗಳ ಒಳಕೋಣೆಯಲ್ಲಿ ‘ಜಾಶಿಕಿ ವಾರಾಶಿ’ ಎಂಬ ಮಗುವಿನ ರೂಪದ ದೈವ ಇರುತ್ತದಂತೆ. ಅದು ಇರುವವರೆಗೂ ಮನೆಗೆ ಸಿರಿ. ಒಂದು ಸಂಜೆ ಹಳ್ಳಿಯವನೊಬ್ಬನಿಗೆ ಸೇತುವೆಯ ಬಳಿ ಗುರುತಿಲ್ಲದ ಇಬ್ಬರು ಹುಡುಗಿಯರು ಎದುರಾದರು. ಎಲ್ಲಿಂದ ಬಂದಿರಿ ಎಂದು ಕೇಳಿದ. ಊರಿನ ದೊಡ್ಡ ಸಾಹುಕಾರನ ಮನೆಯಿಂದ ಎಂದರು. ಎಲ್ಲಿಗೆ ಹೊರಟಿರಿ? ಬೇರೊಂದು ಹಳ್ಳಿಯ ಬೇರೊಂದು ಮನೆಗೆ. ಆ ಸಾಹುಕಾರನ ಕಾಲ ಮುಗಿಯಿತು ಎಂದು ಇವನಿಗೆ ತಿಳಿಯಿತು. ಹೆಚ್ಚು ದಿನ ಕಳೆಯಲಿಲ್ಲ, ಆ ಮನೆಯ ಹಿತ್ತಲಿನ ಮರದ ಬುಡದಲ್ಲಿ ಕಂಡರಿಯದ ಅಣಬೆ ಎದ್ದವು. ತಿನ್ನೋಣವೇ ಬೇಡವೇ ಎಂದು ಮನೆಯಲ್ಲಿ ಚರ್ಚೆಯಾಯಿತು. ನೀರಿಗೆ ಹಾಕಿ ಸೆಣಬಿನ ಕಡ್ಡಿಯಿಂದ ಚೆನ್ನಾಗಿ ತಿರುವಿದರೆ ಯಾವ ಅಣಬೆಯೂ ಏನೂ ಮಾಡದು ಎಂದು ಆಳೊಬ್ಬ ಹೇಳಿದ. ಎಲ್ಲರೂ ತಿಂದರು. ಇಪ್ಪತ್ತಕ್ಕೂ ಹೆಚ್ಚು ಜನ ಒಂದೇ ದಿನ ಸತ್ತರು. ಉಳಿದದ್ದು ಆಟದಲ್ಲಿ ಮೈಮರೆತು ಮಧ್ಯಾಹ್ನದ ಊಟಕ್ಕೆ ಬರುವುದನ್ನೇ ಮರೆತ ಏಳು ವರ್ಷದ ಒಂದು ಹೆಣ್ಣು ಮಗು.

ಇದನ್ನು ದೆವ್ವದ ಕಥೆ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಾಗುವುದಿಲ್ಲ. ಯಾವ ಅಣಬೆ ತಿನ್ನಬಹುದು, ಯಾರ ಮಾತು ನಂಬಬಹುದು, ಇವತ್ತಿನ ಸಿರಿ ಎಷ್ಟು ದಿನದ್ದು ಎಂಬ ಪಾಠಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಮಕ್ಕಳ ಕೈಗಿಟ್ಟಂತಿದೆ. ಶಾಲೆ ಇಲ್ಲದ ಕಾಲದ ಪಠ್ಯಪುಸ್ತಕ ಅದು.

ಇನ್ನೊಂದು ಕಥೆಯ ಒಳಗೆ ಇನ್ನೂ ದೊಡ್ಡ ನೋವಿದೆ. ಹೊಳೆಯಲ್ಲಿ ವಾಸಿಸುವ ‘ಕಪ್ಪಾ’ ಎಂಬ ಜೀವಿಯನ್ನು ಜಪಾನಿನ ಎಲ್ಲೆಡೆ ಬಲ್ಲರು. ಬೇರೆ ಕಡೆ ಅದರ ಮುಖ ಹಸಿರು ಎನ್ನುತ್ತಾರೆ, ತೋನೋದಲ್ಲಿ ಕೆಂಪು. ಏಕೆ ಕೆಂಪು? ಕ್ಷಾಮದ ಕಾಲದಲ್ಲಿ ಸಾಕಲಾರದೆ ಹೊಳೆಗೆ ಬಿಟ್ಟ ಹಸುಗೂಸುಗಳ ನೆನಪು ಅದು ಎಂದು ಹೇಳುವವರಿದ್ದಾರೆ. ಹೀಗೆ ಕೂಸನ್ನು ಕಳೆಯುವುದಕ್ಕೆ ಜಪಾನಿ ಭಾಷೆಯಲ್ಲಿ ‘ಮಾಬಿಕಿ’ ಎಂದು ಹೆಸರಿತ್ತು. ಅದು ಬೇಸಾಯದ ಮಾತು. ಒತ್ತಾಗಿ ಹುಟ್ಟಿದ ಪೈರಿನಲ್ಲಿ ಹೆಚ್ಚಾದ ಸಸಿಗಳನ್ನು ಕಿತ್ತು, ಉಳಿದವು ಬೆಳೆಯಲು ಜಾಗ ಮಾಡುವುದಕ್ಕೆ ಹೇಳುವ ಮಾತು. ಹೇಳಲಾರದ ಸಂಗತಿಯನ್ನು ಹೇಳಲು ಆ ತಾಯಂದಿರಿಗೆ ಹೊಲದ ಒಂದು ಮಾತೇ ಆಸರೆಯಾಯಿತು. ಇಂದು ಜೋಕೆಂಜಿ ದೇವಾಲಯದ ಹಿಂದಿನ ‘ಕಪ್ಪಾ ಮಡು’ವಿಗೆ ಮಕ್ಕಳು ನಗುತ್ತಾ ಬರುತ್ತಾರೆ. ಕೋಲಿನ ತುದಿಗೆ ಸೌತೆಕಾಯಿ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಕಪ್ಪಾಗೆ ಸೌತೆಕಾಯಿ ಬಲು ಪ್ರೀತಿಯಂತೆ. ಮಕ್ಕಳು ನಗಲಿ. ಅಂಥ ಹೊಳೆಯ ದಡದಲ್ಲಿ ಇಂದು ಮಕ್ಕಳ ನಗು ಕೇಳುವುದೇ ಆ ಊರು ಗೆದ್ದದ್ದಕ್ಕೆ ಸಾಕ್ಷಿ.

ತೋನೋದ ರೈತ ಮನುಷ್ಯರೊಂದಿಗೆ ಮಾತ್ರ ಬಾಳಿದವನಲ್ಲ. ಅಲ್ಲಿಯ ಹಳೆಯ ಮನೆಗೆ ‘ಮಗಾರಿಯಾ’ ಎಂದು ಹೆಸರು, ಅಂದರೆ ತಿರುವಿದ ಮನೆ. ಒಂದು ಕಡೆ ಮನೆಯವರ ವಾಸ, ಮೂಲೆಯಲ್ಲಿ ತಿರುಗಿಕೊಂಡ ಇನ್ನೊಂದು ಕಡೆ ಕುದುರೆಯ ಲಾಯ. ಎರಡಕ್ಕೂ ಒಂದೇ ಹುಲ್ಲಿನ ಮಾಡು. ಒಲೆಯ ಬಿಸಿ ಕುದುರೆಗೂ ಮುಟ್ಟಬೇಕು, ರಾತ್ರಿ ಕುದುರೆ ಕೆಮ್ಮಿದರೆ ಒಲೆಯ ಬಳಿ ಕೂತವನಿಗೆ ಕೇಳಿಸಬೇಕು. ಆ ಕುದುರೆಗಳು ಬೆಟ್ಟದ ಕಣಿವೆದಾರಿ ದಾಟಿ ಕರಾವಳಿಯಿಂದ ಮೀನು, ಉಪ್ಪು, ಕಡಲಸೊಪ್ಪು ಹೊತ್ತು ತರುತ್ತಿದ್ದವು; ಒಳನಾಡಿನ ಕಾಳು ಹೊತ್ತು ಹೋಗುತ್ತಿದ್ದವು. ಕಡಲಿಗೂ ಒಳನಾಡಿಗೂ ನಡುವಿನ ಸಂತೆಯಾಗಿ ತೋನೋ ಬೆಳೆಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮನೆಗಳಲ್ಲಿ ‘ಒಶಿರಾಸಾಮಾ’ ಎಂಬ ಜೋಡಿ ದೇವರು. ಹಿಪ್ಪುನೇರಳೆ ಮರದ ಎರಡು ಪುಟ್ಟ ಕೋಲುಗಳು. ಒಂದರ ತುದಿಯಲ್ಲಿ ಕುದುರೆಯ ತಲೆ, ಇನ್ನೊಂದರಲ್ಲಿ ಹುಡುಗಿಯ ತಲೆ. ತನ್ನ ಕುದುರೆಯನ್ನೇ ಪ್ರೀತಿಸಿ ಮದುವೆಯಾದ ರೈತನ ಮಗಳ ಕಥೆ ಇದರ ಹಿಂದಿದೆ. ಸಿಟ್ಟಾದ ತಂದೆ ಕುದುರೆಯನ್ನು ಹಿಪ್ಪುನೇರಳೆ ಮರಕ್ಕೆ ನೇತುಹಾಕಿ ಕೊಂದ. ಮಗಳು ಅದರ ತಲೆಯನ್ನಪ್ಪಿಕೊಂಡು ಆಕಾಶಕ್ಕೆ ಹಾರಿಹೋದಳು. ಪ್ರತಿವರ್ಷ ಪೂಜೆಯ ದಿನ ಈ ದೇವರಿಗೆ ಒಂದು ಹೊಸ ಬಟ್ಟೆ ತೊಡಿಸುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ತಲೆಮಾರುಗಳು ಕಳೆದಂತೆ ಕೋಲು ಬಟ್ಟೆಯ ಗಂಟಾಗುತ್ತದೆ. ಅಜ್ಜಿಯ ಕೈಯ ಬಟ್ಟೆಯ ಮೇಲೆ ಸೊಸೆಯ ಕೈಯ ಬಟ್ಟೆ, ಅದರ ಮೇಲೆ ಮೊಮ್ಮಗಳದು. ತೋನೋದ ನೆನಪು ಕೆಲಸ ಮಾಡುವ ಬಗೆಯೇ ಇದು: ಹಳೆಯದನ್ನು ಕಳಚದೆ ಹೊಸದನ್ನು ಹೊದಿಸುವುದು.

ಹಸಿವಿನ ಕಾಲ ಕಥೆಯಲ್ಲೇ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ 1993 ಬಂತು. ಆ ಬೇಸಿಗೆಯಲ್ಲಿ ಯಮಾಸೆ ಬಿಡದೆ ಬೀಸಿತು. ಇಡೀ ಜಪಾನಿನಲ್ಲಿ ಭತ್ತದ ಇಳುವರಿ ಮಾಮೂಲಿಗಿಂತ ಕಾಲು ಭಾಗ ಕುಸಿಯಿತು. ಇವಾತೆ ಪ್ರಾಂತದಲ್ಲಂತೂ ಮೂರನೇ ಒಂದು ಪಾಲೂ ಕೈಗೆ ಬರಲಿಲ್ಲ. ಅಕ್ಕಿಯಲ್ಲಿ ಸ್ವಾವಲಂಬಿಯೆಂದು ಹೆಮ್ಮೆಪಡುತ್ತಿದ್ದ ದೇಶ ಹೊರಗಿನಿಂದ ಅಕ್ಕಿ ತರಿಸಬೇಕಾಯಿತು. ಅಕ್ಕಿ ತರಿಸಬಹುದು, ಬಿತ್ತನೆಯ ಬೀಜ? ಚಳಿ ತಾಳುವ ಒಂದು ಹೊಸ ತಳಿ ಇವಾತೆಯಲ್ಲಿ ಆಗತಾನೇ ಸಿದ್ಧವಾಗಿತ್ತು, ಆದರೆ ಬೀಜ ಸಾಲದು. ಆಗ ಆ ಬೀಜವನ್ನು ದೇಶದ ದಕ್ಷಿಣದ ತುದಿಯ, ಓಕಿನಾವಾ ಪ್ರಾಂತದ ಇಶಿಗಾಕಿ ದ್ವೀಪಕ್ಕೆ ಕಳಿಸಿದರು. ಉತ್ತರದಲ್ಲಿ ಹಿಮ ಬೀಳುತ್ತಿದ್ದ ತಿಂಗಳುಗಳಲ್ಲಿ ದಕ್ಷಿಣದ ಬೆಚ್ಚಗಿನ ಗದ್ದೆಗಳಲ್ಲಿ ಅದನ್ನು ಬೆಳೆದು, ಬೀಜ ಮಾಡಿ, ಮರುವರ್ಷದ ನಾಟಿಗೆ ಮರಳಿ ತಂದರು. ಆ ತಳಿಗೆ ‘ಕಾಕೆಹಾಶಿ’ ಎಂದು ಹೆಸರಿಟ್ಟರು. ಎರಡು ದಡ ಕೂಡಿಸುವ ಸೇತುವೆ ಎಂದು ಅರ್ಥ.

ಕಷ್ಟ ಕಂಡ ರೈತ ಒಂದೇ ಬೆಳೆಯನ್ನು ನಂಬಿ ಕೂರುವುದಿಲ್ಲ. ಅದಕ್ಕೂ ಮೂವತ್ತು ವರ್ಷ ಮುಂಚೆಯೇ, 1963ರಲ್ಲಿ, ತೋನೋದ ರೈತರು ಕಿರಿನ್ ಬಿಯರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಹಾಪ್ ಬೆಳೆಯತೊಡಗಿದರು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಬಳ್ಳಿ ಅದು. ತಂಪು ಹವೆ ಅದಕ್ಕೆ ಹಿತ. ಭತ್ತಕ್ಕೆ ಶತ್ರುವಾದ ಚಳಿಯಲ್ಲೇ ಹಾಪ್ ಬಳ್ಳಿ ಮನೆಯೆತ್ತರದ ಚಪ್ಪರ ಹತ್ತಿ ನಿಂತಿತು. 2003ರಲ್ಲಿ ಸರ್ಕಾರ ತೋನೋವನ್ನು ವಿಶೇಷ ವಲಯವೆಂದು ಸಾರಿ, ಅತಿಥಿಗಳಿಗೆ ಮನೆ ತೆರೆದ ರೈತರು ತಮ್ಮ ಅಕ್ಕಿಯಿಂದಲೇ ‘ದೊಬುರೊಕು’ ಎಂಬ ಸೋಸದ ಅಕ್ಕಿಮದ್ಯವನ್ನು ಮಾಡಿ ಬಡಿಸಲು ಅವಕಾಶ ಕೊಟ್ಟಿತು. 19ನೇ ಶತಮಾನದ ಕೊನೆಯಿಂದ ಮನೆಯಲ್ಲಿ ಮದ್ಯ ಮಾಡುವುದು ಕಾನೂನುಬಾಹಿರವಾಗಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ರೈತನ ಮನೆಯಿಂದ ಕಿತ್ತುಕೊಂಡಿದ್ದ ಒಂದು ಕುಶಲಕಲೆ ಮರಳಿ ಮನೆ ಸೇರಿತು.

ಇನ್ನು 2011ರ ಮಾರ್ಚ್ 11. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಬಳಿಕ ಕಡಲು ಉಕ್ಕಿ ಬೆಟ್ಟದಾಚೆಯ ಸಾನ್ರಿಕು ಕರಾವಳಿಯ ಊರುಗಳನ್ನು ಕೊಚ್ಚಿಹಾಕಿತು. ತೋನೋಗೆ ಕಡಲಿಲ್ಲ, ಬೆಟ್ಟಗಳು ಕಾದವು. ಆದರೂ ನಗರಸಭೆಯ ಮುಖ್ಯ ಕಟ್ಟಡ ಬಳಸಲಾರದಂತೆ ಹಾಳಾಯಿತು, ವಿದ್ಯುತ್ ಹೋಯಿತು. ಸ್ವತಃ ಪೆಟ್ಟು ತಿಂದ ಊರು ಆ ರಾತ್ರಿ ಮೊದಲು ನೋಡಿದ್ದು ಬೆಟ್ಟದಾಚೆಯ ಊರುಗಳ ಕಡೆ. ಕಾಮಾಯಿಶಿ, ಓತ್ಸುಚಿ, ರಿಕುಜೆನ್‌ತಕಾತಾ: ಹಿಂದೆ ಕುದುರೆಗಳು ಮೀನು, ಉಪ್ಪು ತರುತ್ತಿದ್ದ ದಾರಿಗಳ ಊರುಗಳು ಇವೇ.

ಇದು ಅಂದು ತಟ್ಟನೆ ಹುಟ್ಟಿದ ಕನಿಕರವೂ ಅಲ್ಲ. ಕರಾವಳಿಗೆ ಸುನಾಮಿ ಬಂದರೆ ತಾನು ಬೆನ್ನ ಹಿಂದೆ ನಿಲ್ಲುವ ಊರಾಗಬೇಕು ಎಂದು ತೋನೋ ವರ್ಷಗಳ ಮುಂಚೆಯೇ ಸಂಕಲ್ಪ ಮಾಡಿತ್ತು. 2007, 2008ರಲ್ಲಿ ಅಲ್ಲಿ ಅದಕ್ಕಾಗಿ ದೊಡ್ಡ ತಾಲೀಮುಗಳೂ ನಡೆದಿದ್ದವು. ನಡುರಾತ್ರಿ ಕಳೆದ ಮೇಲೆ ಓತ್ಸುಚಿಯಿಂದ ಒಬ್ಬಾತ ಬೆಟ್ಟ ದಾಟಿ ಬಂದು, ನೂರಾರು ಜನ ಅನ್ನ ನೀರಿಲ್ಲದೆ ಕೂತಿದ್ದಾರೆ ಎಂದು ತಿಳಿಸಿದ. ಬೆಳಕು ಹರಿಯುವ ಮುನ್ನ ತೋನೋದಿಂದ ಸಾಮಗ್ರಿ ಹೊರಟಿತು. ಮನೆಮನೆಯವರು ತಮ್ಮ ಅಕ್ಕಿ ತಂದು ಸುರಿದರು. ದೊಡ್ಡ ಪಾತ್ರೆಗಳಲ್ಲಿ ಅನ್ನ ಬೆಂದಿತು. ಬಿಸಿ ಅನ್ನವನ್ನು ಅಂಗೈಯಲ್ಲಿ ಹಿಡಿದು, ಉಪ್ಪು ಸವರಿ, ಒತ್ತಿ ಉಂಡೆ ಕಟ್ಟಿದರು. ಮಾಡಿದಷ್ಟೂ ಸಾಲದು, ಮರುದಿನ ಮತ್ತೆ. ಹೀಗೆ ವಾರಗಟ್ಟಲೆ, ಒಂದು ಲಕ್ಷಕ್ಕೂ ಮೀರಿ ಅನ್ನದ ಉಂಡೆಗಳು ಬೆಟ್ಟ ದಾಟಿ ಹೋದವು. ದೇಶದ ನಾನಾ ಕಡೆಯ ಸ್ವಯಂಸೇವಕರು, ಸೇನೆಯವರು, ವೈದ್ಯರು ತೋನೋವನ್ನು ನೆಲೆ ಮಾಡಿಕೊಂಡು ಕರಾವಳಿಗೆ ಹೋಗಿಬಂದರು.

ಯಾನಗಿತಾ ಅವರ ಪುಸ್ತಕದಲ್ಲಿ ಕಡಲಿನ ಒಂದು ಕಥೆಯೂ ಇದೆ. ತೋನೋ ಕಡೆಯಿಂದ ಕರಾವಳಿಗೆ ಅಳಿಯನಾಗಿ ಹೋದವನೊಬ್ಬ 1896ರ ಸುನಾಮಿಯಲ್ಲಿ ಹೆಂಡತಿಯನ್ನೂ ಒಂದು ಮಗುವನ್ನೂ ಕಳೆದುಕೊಂಡ. ಉಳಿದ ಇಬ್ಬರು ಮಕ್ಕಳೊಡನೆ ಹಳೆಯ ಮನೆಯ ಜಾಗದಲ್ಲೇ ಗುಡಿಸಲು ಹಾಕಿಕೊಂಡಿದ್ದ. ಒಂದು ಬೆಳದಿಂಗಳ ರಾತ್ರಿ, ಮಂಜು ಕವಿದ ಕಡಲತಡಿಯಲ್ಲಿ ಸತ್ತ ಹೆಂಡತಿ ಬೇರೊಬ್ಬನೊಡನೆ ನಡೆದು ಹೋಗುವುದನ್ನು ಕಂಡ. ಜೊತೆಗಿದ್ದವನೂ ಅದೇ ಸುನಾಮಿಯಲ್ಲಿ ಸತ್ತವನು, ಮದುವೆಗೆ ಮುಂಚೆ ಅವಳು ಮೆಚ್ಚಿದ್ದವನು. ಮಕ್ಕಳ ನೆನಪಾಗುವುದಿಲ್ಲವೇ ಎಂದು ಗಂಡ ಕೇಳಿದಾಗ ಅವಳ ಮುಖ ಬಾಡಿತು, ಅತ್ತಳು. ಆಮೇಲೆ ಇಬ್ಬರೂ ಮರೆಯಾದರು. ಬೆಟ್ಟದ ನಡುವಿನ ರೈತರು ಕಡಲಿನವರ ದುಃಖವನ್ನು ತಮ್ಮ ಕಥೆಗಳ ಕಣಜದಲ್ಲಿ ನೂರು ವರ್ಷ ಇಟ್ಟುಕೊಂಡಿದ್ದರು. ಅಂಥವರಿಗೆ 2011ರಲ್ಲಿ ಆಚೆಯವರು ಯಾರೋ ಅನ್ಯರಾಗಿ ಕಾಣುವುದು ಹೇಗೆ?

ಬಂಧುಗಳೇ, ತೋನೋಗೆ ಈಗ ಬೇರೆ ಚಿಂತೆಗಳಿವೆ. ಜನಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ಹತ್ತರಲ್ಲಿ ನಾಲ್ವರು 65 ದಾಟಿದವರು. ಹಾಪ್ ಚಪ್ಪರ ಏರುವ ಕೈಗಳು ಕಡಿಮೆಯಾಗಿವೆ. ಊರಿಗೆ ಹೊಸದಾಗಿ ಬಂದು ಬೇಸಾಯ ಕಲಿಯುವ ಕೆಲವು ಯುವಕರು ಇದ್ದಾರೆ, ಅವರು ಇನ್ನೂ ಹೆಚ್ಚಲಿ ಎಂದು ಹಾರೈಸೋಣ.

ಆದರೆ ನನ್ನ ಮನಸ್ಸು ಮತ್ತೆ ಆ ದಿಬ್ಬಕ್ಕೇ ಹೋಗುತ್ತದೆ. ಅರವತ್ತು ದಾಟಿದರೆ ಮನೆಗೆ ಭಾರ ಎಂದು ದೆಂದೆರಾನೊ ದಿಬ್ಬಕ್ಕೆ ಕಳಿಸಿದ ಕಥೆಯ ಊರಿನಲ್ಲಿ ಇಂದು ಗದ್ದೆ ಹಿಡಿದು ನಿಂತವರು ಬಹುಮಟ್ಟಿಗೆ ಅದೇ ವಯಸ್ಸಿನವರು. ಹೊಡೆ ಕಟ್ಟುವ ದಿನಗಳಲ್ಲಿ ಗದ್ದೆಗೆ ಎಷ್ಟು ನೀರು ನಿಲ್ಲಿಸಬೇಕು ಎಂಬುದು ಅವರ ಕಾಲಿಗೆ ಗೊತ್ತು. ಊರಿನ ಕಥಾಮನೆಯಲ್ಲಿ ಒಲೆಯ ಪಕ್ಕ ಮಂಡಿಯೂರಿ ಕೂತು, ಬಂದವರಿಗೆ ತೋನೋದ ಆಡುನುಡಿಯಲ್ಲೇ ಕಥೆ ಹೇಳುವ ಅಜ್ಜಿಯರೂ ಅವರೇ. ಆ ದಿಬ್ಬದ ಕಥೆಯನ್ನೂ ಆ ಅಜ್ಜಿಯರೇ ಹೇಳುತ್ತಾರೆ, ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಕಥೆ ಮುಗಿದಾಗ ಅಲ್ಲಿಯವರು ‘ದೊಂದೋಹಾರೆ’ ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು ಎಂದು ಅರ್ಥ. ಅಜ್ಜಿ ಎದ್ದು ಮನೆಗೆ ಹೋಗುತ್ತಾಳೆ, ದಿಬ್ಬಕ್ಕಲ್ಲ.